ಎರಡು ಗ್ರಾಫ್‌ಗಳ ಗುಣಲಬ್ಧ: ಬಳುವಳಿಯಾಗಿ ಬರುವುದೇನು, ಬಾರದಿರುವುದೇನು?

ಪ್ರಶ್ನೆ: ನಾನು ಚಿಂತಾಮಣಿ ತಾಲ್ಲೂಕಿನವಳು. ಗಣಿತದಲ್ಲಿ ಎಂ.ಎಸ್ಸಿ. ಮುಗಿಸಿ ಈ ವರ್ಷ ಪಿಎಚ್.ಡಿ.ಗೆ ಸೇರಿದ್ದೇನೆ. ಗುಣಲಬ್ಧ ಗ್ರಾಫ್‌ಗಳ ಲೇಬಲಿಂಗ್, ಬಣ್ಣ ಹಚ್ಚುವಿಕೆ ಮತ್ತು ದೂರದ ಅಳತೆಗಳು ನನಗೆ ಕೊಟ್ಟಿರುವ ವಿಷಯ. ಆರು ತಿಂಗಳಿನಿಂದ ಲೇಖನಗಳನ್ನು ಓದುತ್ತಿದ್ದೇನೆ. ಎಲ್ಲದರಲ್ಲೂ ಒಂದೇ ಬಗೆ: ಎರಡು ಗ್ರಾಫ್‌ಗಳನ್ನು ತೆಗೆದುಕೊಳ್ಳುತ್ತಾರೆ, ಗುಣಿಸುತ್ತಾರೆ, ಒಂದು ಸಂಖ್ಯೆ ಕಂಡುಹಿಡಿಯುತ್ತಾರೆ. ಎರಡರ ಬಗ್ಗೆಯೂ ಎಲ್ಲ ಗೊತ್ತಿರುವಾಗ ಅವುಗಳ ಗುಣಲಬ್ಧದ ಬಗ್ಗೆ ತಾನಾಗಿಯೇ ಗೊತ್ತಾಗಬೇಕಲ್ಲವೇ? ಗೊತ್ತಾಗುವುದಾದರೆ ಸಂಶೋಧನೆಗೆ ಏನು ಉಳಿಯಿತು? ಗೊತ್ತಾಗುವುದಿಲ್ಲವೆಂದರೆ ಏಕೆ?

ಉತ್ತರ: ನಿಮ್ಮ ಕೊನೆಯ ‘ಏಕೆ’ಯಲ್ಲೇ ನಿಮ್ಮ ಮಹಾಪ್ರಬಂಧದ ತಿರುಳಿದೆ. ಕೆಲವು ಗುಣಗಳು ಗುಣಲಬ್ಧಕ್ಕೆ ಬಳುವಳಿಯಾಗಿ ಬರುತ್ತವೆ, ಕೆಲವು ಬರುವುದಿಲ್ಲ. ಬಾರದಿರುವ ಕಾರಣವನ್ನು ಹಲವು ಕಡೆ ಬೆರಳಿಟ್ಟು ತೋರಿಸಬಹುದು. ಆ ಜಾಗವನ್ನು ನಿಮಗೆ ತೋರಿಸಲು ನಮ್ಮ ತೋಟದಿಂದಲೇ ಆರಂಭಿಸುತ್ತೇನೆ.

ಗುಬ್ಬಿಯ ಕಡೆ ನಮ್ಮ ಮನೆಯವರದ್ದೊಂದು ತೆಂಗಿನ ತೋಟವಿದೆ. ಚೌಕ ಪದ್ಧತಿಯಲ್ಲಿ ನೆಟ್ಟದ್ದು: 10 ಸಾಲು, ಸಾಲಿಗೆ 12 ಮರ. ಪ್ರತಿ ಮರವನ್ನು ಒಂದು ಶೃಂಗವೆಂದು ತಿಳಿಯಿರಿ. ಒಂದು ಮರಕ್ಕೆ ಅದೇ ಸಾಲಿನ ಹಿಂದಿನ ಮರ, ಮುಂದಿನ ಮರ, ಎಡಬಲದ ಸಾಲುಗಳ ಎದುರು ಮರಗಳು ನೆರೆ. ನೆರೆಯ ಮರಗಳ ನಡುವೆ ಒಂದು ಅಂಚು. ಹೀಗೆ ಶೃಂಗಗಳೂ ಅಂಚುಗಳೂ ಸೇರಿದ್ದೇ ಗ್ರಾಫ್. ಸಾಲಿನ ಉದ್ದಕ್ಕೆ ನಡೆದರೆ 12 ಶೃಂಗಗಳ ಒಂದು ಹಾದಿ, ಸಾಲುಗಳಿಗೆ ಅಡ್ಡಲಾಗಿ ನಡೆದರೆ 10 ಶೃಂಗಗಳ ಇನ್ನೊಂದು ಹಾದಿ. ಇಡೀ ತೋಟ ಈ ಎರಡು ಹಾದಿಗಳ ಕಾರ್ಟೀಸಿಯನ್ ಗುಣಲಬ್ಧ. ನೇಯ್ಗೆಯ ಹಾಸು ಮತ್ತು ಹೊಕ್ಕು ಬಲ್ಲವರಿಗೆ ಇದನ್ನು ಬೇರೆ ಹೇಳಬೇಕಾಗಿಲ್ಲ.

ಒಂದೊಂದು ಹೆಜ್ಜೆಗೂ ಒಂದೇ ದಿಕ್ಕಿನಲ್ಲಿ ಚಲಿಸಬೇಕೆಂಬುದು ಕಾರ್ಟೀಸಿಯನ್ ನಿಯಮ. ಪ್ರತಿ ಹೆಜ್ಜೆಯಲ್ಲೂ ಎರಡೂ ದಿಕ್ಕಿನಲ್ಲಿ ಒಟ್ಟಿಗೆ ಚಲಿಸಲೇಬೇಕು ಎಂದರೆ ಅದು ಟೆನ್ಸರ್ ಗುಣಲಬ್ಧ. ಎರಡನ್ನೂ ಒಪ್ಪಿದರೆ ಸ್ಟ್ರಾಂಗ್ ಗುಣಲಬ್ಧ. ಚದುರಂಗದ ರಾಜ ನಡೆಯುವ ಬಗೆ ಅದು. ಈ ಮೂರಕ್ಕೆ ಬಳಸುವ □, ×, ⊠ ಎಂಬ ಚಿಹ್ನೆಗಳು ನೆನಪಿಗೆ ಬಹಳ ಅನುಕೂಲ. ಒಂದೇ ಅಂಚಿನ ಗ್ರಾಫನ್ನು ಅದರಿಂದಲೇ ಗುಣಿಸಿ ಚಿತ್ರ ಬರೆದರೆ ಕ್ರಮವಾಗಿ ಇದೇ ಆಕೃತಿಗಳು ಬರುತ್ತವೆ: ಒಂದು ಚೌಕ, ಒಂದು ಕತ್ತರಿ, ಚೌಕದೊಳಗೆ ಕತ್ತರಿ.

ಮೊದಲು ದೂರ. ತೋಟದ ಒಂದು ಮರದಿಂದ ಇನ್ನೊಂದಕ್ಕೆ ಹೋಗಲು ಅಡ್ಡಲಾಗಿ ಎಷ್ಟು ಹೆಜ್ಜೆ, ಉದ್ದಕ್ಕೆ ಎಷ್ಟು ಹೆಜ್ಜೆ ಎಂದು ಎಣಿಸಿ ಕೂಡಿದರೆ ಸಾಕು. ಯಾವ ಎರಡು ಗ್ರಾಫ್‌ಗಳ ಕಾರ್ಟೀಸಿಯನ್ ಗುಣಲಬ್ಧಕ್ಕೂ ಈ ಮಾತು ಸರಿ. ದೂರಗಳು ಕೂಡುತ್ತವೆ, ಆದ್ದರಿಂದ ವ್ಯಾಸಗಳೂ (ಅತಿ ದೂರದ ಎರಡು ಶೃಂಗಗಳ ನಡುವಿನ ದೂರ) ಕೂಡುತ್ತವೆ, ತ್ರಿಜ್ಯಗಳೂ (ನಟ್ಟನಡುವಿನ ಶೃಂಗದಿಂದ ಅತಿ ದೂರದ ಶೃಂಗಕ್ಕಿರುವ ದೂರ) ಕೂಡುತ್ತವೆ. ಹ್ಯಾರಿ ವೀನರ್ 1947ರಲ್ಲಿ ರಸಾಯನಶಾಸ್ತ್ರಕ್ಕಾಗಿ ತಂದ ಸೂಚ್ಯಂಕ, ಅಂದರೆ ಎಲ್ಲ ಶೃಂಗ ಜೋಡಿಗಳ ದೂರಗಳ ಮೊತ್ತ, ಅದಕ್ಕೂ ಸರಳ ಸೂತ್ರವಿದೆ: ಮೊದಲನೆಯದರ ಶೃಂಗಸಂಖ್ಯೆಯ ವರ್ಗವನ್ನು ಎರಡನೆಯದರ ಸೂಚ್ಯಂಕದಿಂದ ಗುಣಿಸಿ, ಎರಡನೆಯದರ ಶೃಂಗಸಂಖ್ಯೆಯ ವರ್ಗವನ್ನು ಮೊದಲನೆಯದರ ಸೂಚ್ಯಂಕದಿಂದ ಗುಣಿಸಿ, ಎರಡನ್ನೂ ಕೂಡಿ. ಒಂದೇ ಅಂಚಿನ ಎರಡು ಗ್ರಾಫ್‌ಗಳಿಗೆ 4 + 4 = 8. ಚೌಕದಲ್ಲಿ ನಾಲ್ಕು ಬದಿಗಳಿಗೆ 4, ಎರಡು ಕರ್ಣಗಳಿಗೆ ತಲಾ 2, ಒಟ್ಟು 8. ತಾಳೆಯಾಯಿತು. ಸ್ಟ್ರಾಂಗ್ ಗುಣಲಬ್ಧದಲ್ಲಿ ಎರಡು ದೂರಗಳಲ್ಲಿ ದೊಡ್ಡದೇ ದೂರ. ಇಲ್ಲೆಲ್ಲ ನಿಮ್ಮ ಅನುಮಾನ ನಿಜ, ಎರಡನ್ನು ಬಲ್ಲವರಿಗೆ ಗುಣಲಬ್ಧವೂ ಗೊತ್ತು.

ಆದರೆ ದೂರದಿಂದಲೇ ಹುಟ್ಟಿದ ಎಲ್ಲ ಅಳತೆಗಳೂ ಹೀಗೆ ಸಲೀಸಾಗಿ ಬರುವುದಿಲ್ಲ. ಮೆಟ್ರಿಕ್ ಆಯಾಮವನ್ನೇ ನೋಡಿ. ಪೀಟರ್ ಸ್ಲೇಟರ್ 1975ರಲ್ಲಿ, ಫ್ರಾಂಕ್ ಹರಾರಿ ಮತ್ತು ರಾಬರ್ಟ್ ಮೆಲ್ಟರ್ 1976ರಲ್ಲಿ ಬೇರೆ ಬೇರೆಯಾಗಿ ತಂದ ಕಲ್ಪನೆ ಇದು. ನಮ್ಮ ತೋಟದ ಯಾವುದೋ ಮರಕ್ಕೆ ಕೆಂಪು ಮೂತಿ ಹುಳು ಬಿದ್ದಿದೆ ಎನ್ನೋಣ. ಕೆಲವು ಗೊತ್ತಾದ ಮರಗಳಿಂದ ಅದು ಎಷ್ಟು ಹೆಜ್ಜೆ ದೂರ ಎಂಬುದು ಮಾತ್ರ ತಿಳಿಯುತ್ತದೆ. ಅಷ್ಟರಿಂದಲೇ ಮರವನ್ನು ಗುರುತಿಸಬೇಕಾದರೆ ಕಡಿಮೆಯೆಂದರೆ ಎಷ್ಟು ಗೊತ್ತಾದ ಮರಗಳು ಬೇಕು? ಎರಡು ಸಾಕು. ಆದರೆ ಯಾವ ಎರಡು?

ಸಾಲುಗಳಿಗೆ 0ಯಿಂದ 9, ಸಾಲಿನೊಳಗಿನ ಸ್ಥಾನಕ್ಕೆ 0ಯಿಂದ 11 ಎಂದು ಸಂಖ್ಯೆ ಕೊಡಿ. ಮೊದಲ ಸಾಲಿನ ಎರಡು ತುದಿಯ ಮರಗಳನ್ನು ಆರಿಸಿಕೊಳ್ಳಿ. ರೋಗದ ಮರ ಒಂದು ತುದಿಯಿಂದ 9 ಹೆಜ್ಜೆ, ಇನ್ನೊಂದರಿಂದ 8 ಹೆಜ್ಜೆ ಎಂದು ತಿಳಿದರೆ, ಒಟ್ಟು 17. ಅದರಲ್ಲಿ ಸಾಲಿನ ಉದ್ದದ 11 ಕಳೆದರೆ 6, ಅದರ ಅರ್ಧ 3. ಮರ 3ನೆಯ ಸಾಲಿನಲ್ಲಿದೆ, 9ರಲ್ಲಿ 3 ಕಳೆದು 6ನೆಯ ಸ್ಥಾನದಲ್ಲಿದೆ. ಅದೇ ಎದುರು ಬದುರಿನ ಮೂಲೆಗಳನ್ನು ಆರಿಸಿದ್ದರೆ? ಒಂದು ಮೂಲೆಯಿಂದ 9 ಎಂದಾದರೆ ಇನ್ನೊಂದರಿಂದ ಯಾವಾಗಲೂ 11. ಎರಡನೆಯ ಮೂಲೆ ಹೊಸದೇನನ್ನೂ ಹೇಳಲಿಲ್ಲ. ದೂರದ ಸೂತ್ರ ಬಳುವಳಿಯಾಗಿ ಬಂದರೂ ಆ ಸೂತ್ರದಿಂದ ಏನನ್ನು ತಿಳಿಯಬಹುದೆಂಬುದು ಹಾಗೆ ಬರುವುದಿಲ್ಲ. ಒಂದು ಹಾದಿಯ ಮೆಟ್ರಿಕ್ ಆಯಾಮ 1, ಎರಡು ಹಾದಿಗಳ ಗುಣಲಬ್ಧದ್ದು 2. ಇದನ್ನು ನೋಡಿ ಕೂಡಿದರೆ ಆಯಿತು ಎಂದುಕೊಂಡವರನ್ನು ಒಂದೇ ಅಂಚನ್ನು ಐದು ಬಾರಿ ಗುಣಿಸಿದ ಘನ ತಡೆಯುತ್ತದೆ. ಅದರ ಮೆಟ್ರಿಕ್ ಆಯಾಮ 5 ಅಲ್ಲ, 4.

ಇನ್ನು ಬಣ್ಣ. ನೆರೆಯ ಶೃಂಗಗಳಿಗೆ ಒಂದೇ ಬಣ್ಣ ಬಾರದಂತೆ ಹಚ್ಚಲು ಬೇಕಾದ ಅತಿ ಕಡಿಮೆ ಬಣ್ಣಗಳ ಸಂಖ್ಯೆಯೇ ವರ್ಣಸಂಖ್ಯೆ. ಕಾರ್ಟೀಸಿಯನ್ ಗುಣಲಬ್ಧದ ವರ್ಣಸಂಖ್ಯೆ ಎರಡರ ವರ್ಣಸಂಖ್ಯೆಗಳಲ್ಲಿ ದೊಡ್ಡದು ಎಂದು ಗರ್ಟ್ ಸಬಿದುಸ್ಸಿ 1957ರಲ್ಲಿ ತೋರಿಸಿದರು. ಅದರ ಸಾಧನೆ, ಅಂದರೆ ಪುರಾವೆ, ಎರಡೇ ಸಾಲಿನದು. ದೊಡ್ಡ ಸಂಖ್ಯೆ ‘ಕ’ ಆಗಿರಲಿ. ಎರಡು ಗ್ರಾಫ್‌ಗಳಿಗೂ 0ಯಿಂದ ಕ–1ರವರೆಗಿನ ಬಣ್ಣಗಳನ್ನು ಹಚ್ಚಿ. ಗುಣಲಬ್ಧದ ಶೃಂಗಕ್ಕೆ ಎರಡು ಬಣ್ಣಗಳನ್ನೂ ಕೂಡಿ, ಕ ಇಂದ ಭಾಗಿಸಿದಾಗ ಉಳಿಯುವ ಶೇಷವನ್ನು ಕೊಡಿ. ಒಂದು ಹೆಜ್ಜೆ ಇಟ್ಟಾಗ ಒಂದು ಕಡೆಯ ಬಣ್ಣ ಮಾತ್ರ ಬದಲಾಗುವುದರಿಂದ ಶೇಷ ಬದಲಾಗಲೇಬೇಕು. ಈ ಉಪಾಯವನ್ನು ಮನಸ್ಸಿನಲ್ಲಿಡಿ. ಕೂಡಿ ಶೇಷ ತೆಗೆಯುವ ಇದೇ ಕೈಚಳಕ ಮುಂದೆಯೂ ಕೆಲಸಕ್ಕೆ ಬರುತ್ತದೆ.

ಈಗ ಲೇಬಲಿಂಗ್. ನನಗೆ ಇಡೀ ವಿಷಯದಲ್ಲಿ ಅತ್ಯಂತ ಪ್ರಿಯವಾದ ಭಾಗ ಇದೇ, ಆದ್ದರಿಂದ ಇಲ್ಲಿ ಸ್ವಲ್ಪ ನಿಲ್ಲುತ್ತೇನೆ. ಪ್ರತಿ ಮರದ ಬುಡದಲ್ಲೂ ಮಣ್ಣಿನ ತೇವ ಅಳೆದು ರೇಡಿಯೊ ಮೂಲಕ ಕಳುಹಿಸುವ ಒಂದು ಸೆನ್ಸರ್ ಇದೆ ಎಂದುಕೊಳ್ಳಿ. ಪಕ್ಕಪಕ್ಕದ ಸೆನ್ಸರ್‌ಗಳ ಚಾನೆಲ್ ಸಂಖ್ಯೆಗಳ ನಡುವೆ ಕನಿಷ್ಠ 2 ಅಂತರವಿರಬೇಕು. ಎರಡು ಹೆಜ್ಜೆ ದೂರದ ಸೆನ್ಸರ್‌ಗಳ ಚಾನೆಲ್ ಬೇರೆಯಾಗಿದ್ದರೆ ಸಾಕು. ಚಾನೆಲ್‌ಗಳು 0ಯಿಂದ ಶುರು. ಅತಿ ದೊಡ್ಡ ಚಾನೆಲ್ ಸಂಖ್ಯೆಯನ್ನು ಎಷ್ಟು ಚಿಕ್ಕದಾಗಿ ಇಡಬಹುದು? ಇದು ಎಲ್(2,1) ಲೇಬಲಿಂಗ್. ರೇಡಿಯೊ ತರಂಗಾಂತರ ಹಂಚಿಕೆಯನ್ನು ವಿಲಿಯಂ ಹೇಲ್ 1980ರಲ್ಲಿ ಗ್ರಾಫ್‌ಗಳ ಭಾಷೆಗೆ ತಂದರು. ಜೆರ್ರಾಲ್ಡ್ ಗ್ರಿಗ್ಸ್ ಮತ್ತು ರೋಜರ್ ಯೇ 1992ರಲ್ಲಿ ಈಗ ನಾವು ಓದುವ ರೂಪ ಕೊಟ್ಟರು. ಆ ಅತಿ ಚಿಕ್ಕ ಸಂಖ್ಯೆಯನ್ನು ನಾನು ಇಲ್ಲಿ ವ್ಯಾಪ್ತಿ ಎನ್ನುತ್ತೇನೆ.

ಒಂದೇ ಸಾಲು ಇದ್ದರೆ 0, 2, 4, 0, 2, 4 ಎಂದು ಬರೆಯುತ್ತ ಹೋದರೆ ಆಯಿತು, ವ್ಯಾಪ್ತಿ 4 ಸಾಕು. 3 ಸಾಲದೇ? 0ಯಿಂದ 3ರವರೆಗಿನ ಸಂಖ್ಯೆಗಳಲ್ಲಿ 1ನ್ನು ಹೊತ್ತ ಮರದ ಪಕ್ಕದಲ್ಲಿ ಬರಬಲ್ಲದ್ದು 3 ಮಾತ್ರ, 2ನ್ನು ಹೊತ್ತದ್ದರ ಪಕ್ಕದಲ್ಲಿ 0 ಮಾತ್ರ. ಎರಡು ನೆರೆಯುಳ್ಳ ಮರಕ್ಕೆ ಎರಡು ಬೇರೆ ಬೇರೆ ಸಂಖ್ಯೆಗಳು ಬೇಕು. ಹಾಗಾಗಿ ಒಳಗಿನ ಮರಗಳೆಲ್ಲ 0 ಅಥವಾ 3 ಆಗಲೇಬೇಕು. ಒಳಗೆ ಸತತ ಮೂರು ಮರಗಳಿದ್ದರೆ 0, 3, 0 ಎಂದಾಗಿ ಎರಡು ಹೆಜ್ಜೆ ದೂರದಲ್ಲಿ ಒಂದೇ ಸಂಖ್ಯೆ ಮರುಕಳಿಸುತ್ತದೆ. ಆದ್ದರಿಂದ ಐದು ಅಥವಾ ಹೆಚ್ಚು ಮರಗಳ ಸಾಲಿಗೆ ಉತ್ತರ 4.

ಸಾಲಿಗೆ 4, ಅಡ್ಡಸಾಲಿಗೆ 4. ಬಣ್ಣದ ಹಾಗೆ ದೊಡ್ಡದೇ ಬರುವುದಾದರೆ ತೋಟಕ್ಕೂ 4 ಬರಬೇಕು. ದೂರದ ಹಾಗೆ ಕೂಡುವುದಾದರೆ 8 ಬರಬೇಕು. ಬರುವುದು 6.

ಮೊದಲು 6 ಸಾಕೆಂಬುದನ್ನು ನೋಡಿ. ಸಾಲಿನ ಸಂಖ್ಯೆಯ 3 ಪಟ್ಟು, ಸ್ಥಾನದ ಸಂಖ್ಯೆಯ 2 ಪಟ್ಟು, ಎರಡನ್ನೂ ಕೂಡಿ 7ರಿಂದ ಭಾಗಿಸಿ ಶೇಷ ಬರೆಯಿರಿ:

0 2 4 6 1 3 5
3 5 0 2 4 6 1
6 1 3 5 0 2 4
2 4 6 1 3 5 0

ಬಲಕ್ಕೆ ಇದೇ ಕ್ರಮ, ಕೆಳಕ್ಕೆ ಇದೇ ಕ್ರಮ. ಯಾವುದೇ ಸಂಖ್ಯೆಯ ಮೇಲೆ ಬೆರಳಿಟ್ಟು ಅದರ ಸುತ್ತಲಿನ ನಾಲ್ಕನ್ನು ನೋಡಿ. ಎರಡನೆಯ ಸಾಲಿನ ಮೂರನೆಯ ಸ್ಥಾನದಲ್ಲಿ 0 ಇದೆ. ಅದರ ಮೇಲೆ 4, ಕೆಳಗೆ 3, ಎಡಕ್ಕೆ 5, ಬಲಕ್ಕೆ 2. ನಾಲ್ಕೂ ಬೇರೆ, ಯಾವುದೂ 1 ಅಲ್ಲ.

ಈಗ 5 ಏಕೆ ಸಾಲದು? ಒಳಗಿನ ಮರಕ್ಕೆ ನಾಲ್ಕು ನೆರೆ. ಆ ನಾಲ್ಕೂ ಒಂದಕ್ಕೊಂದು ಎರಡು ಹೆಜ್ಜೆ ದೂರದಲ್ಲಿವೆ, ಹಾಗಾಗಿ ನಾಲ್ಕು ಬೇರೆ ಸಂಖ್ಯೆಗಳು ಬೇಕು. 0ಯಿಂದ 5ರವರೆಗೆ ಆರು ಸಂಖ್ಯೆಗಳಿವೆ. ಒಳಗಿನ ಮರ 1, 2, 3, 4ರಲ್ಲಿ ಯಾವುದನ್ನು ಹೊತ್ತರೂ ಅದೂ ಅದರ ಹಿಂದುಮುಂದಿನ ಎರಡೂ ಹೋಗಿ ಮೂರೇ ಉಳಿಯುತ್ತವೆ. ಆದ್ದರಿಂದ ಒಳಗಿನ ಮರಗಳೆಲ್ಲ 0 ಅಥವಾ 5. ಒಳಗಿನ ಮೂರು ಮರಗಳು ಸತತವಾಗಿ ಇದ್ದರೆ 0, 5, 0. ಮತ್ತೆ ಅದೇ ಗೋಡೆಗೆ ಬಂದು ನಿಂತೆವು. ಒಂದೇ ಸಾಲಿಗೆ ಮಾಡಿದ ವಾದ ಒಂದಕ್ಷರ ಬದಲಾಗದೆ ಇಡೀ ತೋಟಕ್ಕೂ ನಡೆಯಿತು.

ಅಡ್ಡ, ಉದ್ದ ಎರಡೂ ಕಡೆ 4 ಸಾಕಾಗಿದ್ದಾಗ ಈ ಹೆಚ್ಚಿನ 2 ಎಲ್ಲಿಂದ ಬಂತು? ಒಂದು ಪ್ರಯೋಗ ಮಾಡಿ. ಪ್ರತಿ ಸಾಲೂ ಸರಿಯಾಗಿರಲಿ, ಪ್ರತಿ ಅಡ್ಡಸಾಲೂ ಸರಿಯಾಗಿರಲಿ, ಬೇರೇನೂ ಬೇಡ ಎನ್ನಿ. ಆಗ ಸಾಲಿನ ಸಂಖ್ಯೆಯನ್ನೂ ಸ್ಥಾನದ ಸಂಖ್ಯೆಯನ್ನೂ ಕೂಡಿ, 2ರಿಂದ ಗುಣಿಸಿ, 5ರಿಂದ ಭಾಗಿಸಿ ಶೇಷ ಬರೆದರೆ 0ಯಿಂದ 4ರಲ್ಲೇ ಕೆಲಸ ಮುಗಿಯುತ್ತದೆ. ಆ ಬರಹದಲ್ಲಿ ತಪ್ಪು ಒಂದೇ ಕಡೆ: ಒಂದು ಹೆಜ್ಜೆ ಬಲಕ್ಕೆ, ಒಂದು ಹೆಜ್ಜೆ ಮೇಲಕ್ಕೆ ಹೋದಾಗ ಸಿಗುವ ಮರದಲ್ಲಿ ಹೊರಟ ಮರದ ಸಂಖ್ಯೆಯೇ ಮರುಕಳಿಸುತ್ತದೆ. ಆ ಹಾದಿ ಮಡಿಸಿದ ಮೊಣಕೈ ಹಾಗೆ ತಿರುಗುತ್ತದೆ. ಎರಡು ಹೆಜ್ಜೆ ದೂರದ ಆ ಜೋಡಿ ಯಾವ ಸಾಲಿನಲ್ಲೂ ಇಲ್ಲ, ಯಾವ ಅಡ್ಡಸಾಲಿನಲ್ಲೂ ಇಲ್ಲ. ಸಾಲನ್ನು ಬಲ್ಲವರಿಗೂ ಅದು ತಿಳಿಯದು, ಅಡ್ಡಸಾಲನ್ನು ಬಲ್ಲವರಿಗೂ ತಿಳಿಯದು. ಎರಡನ್ನು ಗುಣಿಸಿದಾಗ ಮಾತ್ರ ಅದು ಹುಟ್ಟುತ್ತದೆ. ನಿಮ್ಮ ‘ಏಕೆ’ಗೆ ನಾನು ಕೊಡಬಲ್ಲ ಅತ್ಯಂತ ನೇರವಾದ ಉತ್ತರ ಈ ಮೊಣಕೈ. ಬಣ್ಣ ಹಚ್ಚುವಿಕೆ ಒಂದು ಹೆಜ್ಜೆಯನ್ನಷ್ಟೇ ನೋಡುತ್ತದೆ, ಒಂದು ಹೆಜ್ಜೆಯಲ್ಲಿ ತಿರುವಿಲ್ಲ. ಲೇಬಲಿಂಗ್ ಎರಡು ಹೆಜ್ಜೆ ನೋಡುತ್ತದೆ, ಅಲ್ಲಿ ತಿರುವು ಬಂದೇ ಬರುತ್ತದೆ.

ಇಷ್ಟಾದರೂ ಬಳುವಳಿ ಪೂರ್ತಿ ಇಲ್ಲವಾಗಲಿಲ್ಲ. ಒಂದು ಶೃಂಗಕ್ಕಿರುವ ನೆರೆಗಳ ಸಂಖ್ಯೆಯೇ ಅದರ ಡಿಗ್ರಿ. ಸಾಲಿನಲ್ಲಿ ಗರಿಷ್ಠ ಡಿಗ್ರಿ 2, ವ್ಯಾಪ್ತಿ 4. ತೋಟದಲ್ಲಿ ಗರಿಷ್ಠ ಡಿಗ್ರಿ 4, ವ್ಯಾಪ್ತಿ 6. ವ್ಯಾಪ್ತಿ ಕೂಡಲಿಲ್ಲ, ಡಿಗ್ರಿ ಕೂಡಿತು. ಉದ್ದನೆಯ ಮೂರು ಹಾದಿಗಳನ್ನು ಗುಣಿಸಿ ನೋಡಿ: ಡಿಗ್ರಿ 6. ಮೂರು ದಿಕ್ಕುಗಳಿಗೆ 2, 3, 4 ಎಂಬ ಗುಣಕಗಳನ್ನು ಕೊಟ್ಟು 9ರಿಂದ ಭಾಗಿಸಿ ಶೇಷ ತೆಗೆದರೆ 8ರಲ್ಲಿ ಮುಗಿಯುತ್ತದೆ, ಮೇಲಿನ ವಾದವೇ 7 ಸಾಲದೆಂದು ಹೇಳುತ್ತದೆ. ಎಷ್ಟು ಹಾದಿಗಳನ್ನು ಗುಣಿಸಿದರೂ ಇದು ನಡೆಯುತ್ತದೆ. ಗುಣಕಗಳು 2ರಿಂದ ಶುರುವಾಗಿ ಒಂದೊಂದೇ ಏರಲಿ, ಭಾಜಕ ಹಾದಿಗಳ ಸಂಖ್ಯೆಯ ಎರಡರಷ್ಟಕ್ಕೆ 3 ಕೂಡಿದ್ದಾಗಿರಲಿ. ಏಕೆ ನಡೆಯುತ್ತದೆ ಎಂಬುದನ್ನು ನೀವೇ ಬರೆದು ನೋಡಬೇಕು, ಅರ್ಧ ಗಂಟೆಯ ಕೆಲಸ.

ಹಾದಿಗಳ ಬದಲು ಚಕ್ರಗಳನ್ನು ತೆಗೆದುಕೊಂಡರೆ ಈ ಚೆಂದ ಕೆಡುತ್ತದೆ. ಸಾಲಿನ ಕೊನೆ ಮೊದಲಿಗೆ ಬಂದು ಸೇರುವಾಗ 7ರ ಲಯ ತಾಳ ತಪ್ಪಬಹುದು. ಎರಡು ಚಕ್ರಗಳ ಕಾರ್ಟೀಸಿಯನ್ ಗುಣಲಬ್ಧಕ್ಕೆ ವ್ಯಾಪ್ತಿ 6, 7 ಅಥವಾ 8 ಮಾತ್ರ ಎಂದೂ, ಎರಡೂ ಚಕ್ರಗಳ ಉದ್ದ 7ರ ಗುಣಕವಾಗಿದ್ದಾಗ ಮಾತ್ರ 6 ಎಂದೂ ಶ್ವಾರ್ಜ್ ಮತ್ತು ಟ್ರೊಕ್ಸೆಲ್ 2006ರಲ್ಲಿ ತೋರಿಸಿದರು. ಗರಿಷ್ಠ ಡಿಗ್ರಿ 2 ಅಥವಾ ಹೆಚ್ಚಿರುವ ಯಾವುದೇ ಗ್ರಾಫಿನ ವ್ಯಾಪ್ತಿ ಆ ಡಿಗ್ರಿಯ ವರ್ಗವನ್ನು ಮೀರುವುದಿಲ್ಲ ಎಂಬ ಗ್ರಿಗ್ಸ್ ಮತ್ತು ಯೇ ಅವರ ಊಹೆ ಡಿಗ್ರಿ ಬಹಳ ದೊಡ್ಡದಿದ್ದಾಗ ನಿಜವೆಂದು ಹಾವೆ, ರೀಡ್ ಮತ್ತು ಸೆರೆನಿ ಸಾಧಿಸಿದ್ದಾರೆ.

ಇನ್ನೊಂದು ಉದಾಹರಣೆ ನಿಮಗೂ ಪರಿಚಿತವೇ ಇರಬೇಕು. ಚಿಕ್ಕಂದಿನಲ್ಲಿ ಜಗಲಿಯ ಮೇಲೆ ಸೀಮೆಸುಣ್ಣದಲ್ಲಿ ಚೌಕಾಬಾರದ ಮನೆ ಬರೆದು, ಕವಡೆ ಸಿಗದಿದ್ದರೆ ಅರ್ಧ ಉಜ್ಜಿದ ಹುಣಸೆ ಬೀಜ ಹಾಕಿ ಆಡುತ್ತಿದ್ದೆವು. ಐದು ಅಡ್ಡ, ಐದು ಉದ್ದ, 25 ಮನೆ. ಒಂದೇ ಸಾಲಿನ ಅಥವಾ ಒಂದೇ ಕಂಬದ ಮನೆಗಳನ್ನೆಲ್ಲ ನೆರೆ ಎಂದುಕೊಳ್ಳಿ, ಚದುರಂಗದ ಆನೆ ನಡೆಯುವ ಹಾಗೆ. ಇದು ಐದು ಶೃಂಗಗಳ ಎರಡು ಪೂರ್ಣ ಗ್ರಾಫ್‌ಗಳ (ಎಲ್ಲ ಶೃಂಗಗಳೂ ಪರಸ್ಪರ ನೆರೆಯಾಗಿರುವ ಗ್ರಾಫ್‌ಗಳ) ಕಾರ್ಟೀಸಿಯನ್ ಗುಣಲಬ್ಧ. ಯಾವ ಮನೆಯಿಂದ ಯಾವ ಮನೆಗೂ ಹೆಚ್ಚೆಂದರೆ ಎರಡೇ ಹೆಜ್ಜೆ, ಹಾಗಾಗಿ 25 ಮನೆಗಳಿಗೂ ಬೇರೆ ಬೇರೆ ಸಂಖ್ಯೆ ಬೇಕು. ವ್ಯಾಪ್ತಿ 24ಕ್ಕಿಂತ ಕಡಿಮೆಯಾಗದು. 24ರಲ್ಲೇ ಮುಗಿಯಬೇಕಾದರೆ ಪ್ರತಿ ಸಲ ಸಾಲನ್ನೂ ಕಂಬವನ್ನೂ ಒಟ್ಟಿಗೆ ಬದಲಿಸುತ್ತ ಎಲ್ಲ ಮನೆಗಳನ್ನೂ ಒಮ್ಮೊಮ್ಮೆ ಮುಟ್ಟಬೇಕು. ಕರ್ಣದ ಗುಂಟ ಇಳಿಯಿರಿ, ಅಂಚಿಗೆ ಬಂದಾಗ ಎದುರು ಬದಿಯಿಂದ ಒಳಬನ್ನಿ. ಒಂದು ಕರ್ಣ ಮುಗಿದಾಗ ಮೇಲಿನ ಸಾಲಿನಲ್ಲಿ ಒಂದು ಮನೆ ಬಲಕ್ಕೆ ಸರಿದು ಮುಂದಿನ ಕರ್ಣ ಹಿಡಿಯಿರಿ. 25ನ್ನೂ ಮುಟ್ಟುತ್ತೀರಿ. ಗಮನಿಸಬೇಕಾದ ಸಂಗತಿ ಇದು: ಸಾಲನ್ನೂ ಕಂಬವನ್ನೂ ಒಟ್ಟಿಗೆ ಬದಲಿಸುವ ನಡೆ ಎಂದರೆ ಟೆನ್ಸರ್ ಗುಣಲಬ್ಧದ ನಡೆ. ಒಂದು ಗುಣಲಬ್ಧದ ಲೇಬಲಿಂಗ್ ಪ್ರಶ್ನೆಗೆ ಉತ್ತರ ಇನ್ನೊಂದು ಗುಣಲಬ್ಧದ ಹಾದಿಯಲ್ಲಿ ಅಡಗಿದೆ. 2 × 2ರ ಮಣೆಯಲ್ಲಿ ಮಾತ್ರ ಆ ಹಾದಿ ಇಲ್ಲ. ಅಲ್ಲಿ 3ರ ಬದಲು 4 ಬೇಕಾಗುತ್ತದೆ.

ಟೆನ್ಸರ್ ಗುಣಲಬ್ಧ ಸ್ವಭಾವದಲ್ಲೇ ಬೇರೆ. ಎರಡು ಹಾದಿಗಳ ಟೆನ್ಸರ್ ಗುಣಲಬ್ಧದಲ್ಲಿ ಮೂಲೆಯಿಂದ ಮೂಲೆಗೆ ಮಾತ್ರ ನಡೆ, ಆದ್ದರಿಂದ ಕಪ್ಪು ಮನೆಯಿಂದ ಹೊರಟವರು ಬಿಳಿ ಮನೆಯನ್ನು ಎಂದಿಗೂ ತಲುಪುವುದಿಲ್ಲ. ಗ್ರಾಫ್ ಎರಡು ಹೋಳಾಗುತ್ತದೆ. ಸಂಪರ್ಕವಿರುವ ಎರಡು ಗ್ರಾಫ್‌ಗಳಲ್ಲಿ ಒಂದಾದರೂ ಬೆಸ ಚಕ್ರವನ್ನು (ಬೆಸಸಂಖ್ಯೆಯ ಶೃಂಗಗಳ ಚಕ್ರವನ್ನು) ಹೊಂದಿರಬೇಕು, ಆಗ ಮಾತ್ರ ಗುಣಲಬ್ಧ ಒಂದಾಗಿ ಉಳಿಯುತ್ತದೆ ಎಂದು ಪಾಲ್ ವೈಕ್ಸೆಲ್ 1962ರಲ್ಲಿ ತೋರಿಸಿದರು. ನಮ್ಮ ನಾಡಿನ ಗ್ರಾಫ್ ಸಿದ್ಧಾಂತದ ಹಿರಿಯರಾದ ಇ. ಸಂಪತ್‌ಕುಮಾರ್ ಅವರೂ 1975ರಲ್ಲಿ ಟೆನ್ಸರ್ ಗುಣಲಬ್ಧಗಳ ಬಗ್ಗೆ ಆಸ್ಟ್ರೇಲಿಯದ ಗಣಿತ ಪತ್ರಿಕೆಯೊಂದರಲ್ಲಿ ಬರೆದರು. ಕರ್ನಾಟಕದಲ್ಲಿ ಈ ವಿಷಯ ಓದುವವರು ಆ ಲೇಖನವನ್ನು ಹುಡುಕಿ ಓದಲೇಬೇಕು.

ಟೆನ್ಸರ್ ಗುಣಲಬ್ಧಕ್ಕೆ ಬಣ್ಣ ಹಚ್ಚುವುದು ಮೇಲ್ನೋಟಕ್ಕೆ ಸುಲಭ. ಪ್ರತಿ ಹೆಜ್ಜೆಯಲ್ಲೂ ಎರಡೂ ಕಡೆ ಬದಲಾಗುವುದರಿಂದ ಒಂದು ಕಡೆಯ ಬಣ್ಣವನ್ನೇ ಎತ್ತಿಟ್ಟರೂ ಸರಿ. ಹಾಗಾಗಿ ಎರಡು ವರ್ಣಸಂಖ್ಯೆಗಳಲ್ಲಿ ಚಿಕ್ಕದು ಸಾಕು. ಅದಕ್ಕಿಂತ ಕಡಿಮೆಯಲ್ಲಿ ಆಗುವುದೇ ಇಲ್ಲ ಎಂದು ಸ್ಟೀಫನ್ ಹೆಡೆಟ್ನೀಮಿ 1966ರಲ್ಲಿ ಊಹಿಸಿದರು. ಎಷ್ಟು ಸಹಜವಾದ ಮಾತು! ಚಿಕ್ಕ ವರ್ಣಸಂಖ್ಯೆ 4 ಇರುವವರೆಗೂ ಊಹೆ ನಿಜವೆಂದು ಎಲ್ ಜಹಾರ್ ಮತ್ತು ಸಾವರ್ 1985ರಲ್ಲಿ ಸಾಧಿಸಿದರು. 2019ರಲ್ಲಿ ಯಾರೊಸ್ಲಾವ್ ಶಿತೊವ್ ಕೆಲವೇ ಪುಟಗಳ ಲೇಖನದಲ್ಲಿ ಇಡೀ ಊಹೆ ತಪ್ಪೆಂದು ತೋರಿಸಿದರು. 53 ವರ್ಷ ನಿಂತಿದ್ದ ನಂಬಿಕೆ ಅದು. ಅವರ ಪ್ರತ್ಯುದಾಹರಣೆಯ ಗ್ರಾಫ್‌ಗಳು ಊಹೆಗೂ ಮೀರಿದಷ್ಟು ದೊಡ್ಡವು. ಆಮೇಲೆ ಅದನ್ನು ಚಿಕ್ಕದಾಗಿಸುತ್ತ ಬಂದರು. ವರ್ಣಸಂಖ್ಯೆ 14 ಇರುವ ಎರಡು ಗ್ರಾಫ್‌ಗಳ ಗುಣಲಬ್ಧಕ್ಕೆ 13 ಬಣ್ಣ ಸಾಕಾಗಬಹುದು ಎಂದು ಕ್ಲಾಡ್ ಟಾರ್ಡಿಫ್ ತೋರಿಸಿದರು. ಎರಡು ಗ್ರಾಫ್‌ಗಳ ಬಗ್ಗೆ ಎಲ್ಲವೂ ಗೊತ್ತಿದ್ದರೆ ಗುಣಲಬ್ಧವೂ ಗೊತ್ತಾಗಬೇಕಲ್ಲವೇ ಎಂದು ನೀವು ಕೇಳಿದ್ದನ್ನೇ ಜಗತ್ತಿನ ಗಣಿತಜ್ಞರು ಅರ್ಧ ಶತಮಾನ ಕೇಳಿಕೊಂಡು ಬಂದಿದ್ದರು.

ಸ್ಟ್ರಾಂಗ್ ಗುಣಲಬ್ಧದಲ್ಲೂ ಇಂತಹದೇ ಒಂದು ಬೆರಗು ಇದೆ. ಐದು ಶೃಂಗಗಳ ಚಕ್ರದಲ್ಲಿ ಒಂದಕ್ಕೊಂದು ನೆರೆಯಲ್ಲದ ಶೃಂಗಗಳನ್ನು ಎರಡಕ್ಕಿಂತ ಹೆಚ್ಚು ಆರಿಸಲಾಗದು. ಎರಡು ಅಂತಹ ಚಕ್ರಗಳನ್ನು ಗುಣಿಸಿದರೆ 2 × 2 = 4 ಎಂದು ಯಾರಿಗಾದರೂ ಅನ್ನಿಸುತ್ತದೆ. ಆದರೆ (0,0), (1,2), (2,4), (3,1), (4,3) ಎಂಬ ಐದನ್ನು ಆರಿಸಬಹುದು. ಕ್ಲಾಡ್ ಶ್ಯಾನನ್ 1956ರಲ್ಲಿ ತಪ್ಪಿಲ್ಲದೆ ಸಂದೇಶ ಕಳುಹಿಸುವ ಸಾಮರ್ಥ್ಯದ ಬಗ್ಗೆ ಯೋಚಿಸುತ್ತಿದ್ದಾಗ ಎದ್ದ ಪ್ರಶ್ನೆ ಇದು. ಈ ಚಕ್ರದ ಸಾಮರ್ಥ್ಯ 5ರ ವರ್ಗಮೂಲವೇ ಎಂದು ಲಾಸ್ಲೊ ಲೊವಾಸ್ 1979ರಲ್ಲಿ ಸಾಧಿಸುವವರೆಗೆ ಉತ್ತರ ಸಿಕ್ಕಿರಲಿಲ್ಲ. ತೋಟದಲ್ಲಿ ತಿರುವು ಹೊಸ ಕಟ್ಟಳೆ ತಂದಿತ್ತು, ಇಲ್ಲಿ ಎರಡು ದಿಕ್ಕು ಬೆರೆತು ಹೊಸ ಅವಕಾಶ ತಂದಿದೆ.

ಗ್ರೇಸ್‌ಫುಲ್ ಲೇಬಲಿಂಗ್ ಬಗ್ಗೆ ನಾನು ಹೆಚ್ಚು ಹೇಳುವುದಿಲ್ಲ. ಅಲೆಕ್ಸಾಂಡರ್ ರೋಸಾ 1967ರಲ್ಲಿ ಅದನ್ನು ಶುರುಮಾಡಿದರು. ಎರಡು ಹಾದಿಗಳ ಕಾರ್ಟೀಸಿಯನ್ ಗುಣಲಬ್ಧ ಗ್ರೇಸ್‌ಫುಲ್ ಎಂದು ಬಿ. ಡಿ. ಆಚಾರ್ಯ ಮತ್ತು ಗಿಲ್ 1981ರಲ್ಲಿ ತೋರಿಸಿದ್ದಾರೆ. ಅಲ್ಲಿ ಪ್ರತಿ ಅಂಚಿನ ಎರಡು ತುದಿಯ ಸಂಖ್ಯೆಗಳ ವ್ಯತ್ಯಾಸ ತೆಗೆದರೆ ಆ ವ್ಯತ್ಯಾಸಗಳೆಲ್ಲ ಒಮ್ಮೊಮ್ಮೆ ಮಾತ್ರ ಬರಬೇಕೆಂಬ ನಿಯಮವಿದೆ. ಅದು ಇಡೀ ಗ್ರಾಫನ್ನು ಒಂದೇ ಸಲ ಹಿಡಿಯುವ ನಿಯಮ, ನೆರೆಹೊರೆಯ ನಿಯಮವಲ್ಲ. ನೆರೆಹೊರೆಯಲ್ಲಿ ಹುಡುಕುವ ಈ ದಾರಿ ಅಲ್ಲಿ ನಿಮ್ಮ ಕೈಹಿಡಿಯುವುದಿಲ್ಲ. ಮೊದಲ ವರ್ಷ ಅದಕ್ಕೆ ಕೈಹಾಕಬೇಡಿ ಎಂಬುದು ನನ್ನ ಸಲಹೆ.

ನೀವು ಓದಿದ ಲೇಖನಗಳೆಲ್ಲ ಒಂದೇ ಬಗೆ ಎಂದು ಬರೆದಿದ್ದೀರಿ. ಅದಕ್ಕೊಂದು ಕಾರಣವಿದೆ. ನಾನು ಸಂಶೋಧನೆ ಶುರುಮಾಡಿದ ಕಾಲದಲ್ಲಿ ಒಂದು ಗುಣಲಬ್ಧಕ್ಕೆ ಲೇಬಲಿಂಗ್ ಕಟ್ಟಿ, ಪಟ್ಟಿ ಮಾಡಿ, ಇದೇ ಉತ್ತರ ಎಂದು ಬರೆದು ಒಂದು ಪತ್ರಿಕೆಗೆ ಕಳುಹಿಸಿದ್ದೆ. ಪರಿಶೀಲಕರು ಒಂದೇ ಸಾಲು ಬರೆದು ಹಿಂದಿರುಗಿಸಿದರು: ಇದಕ್ಕಿಂತ ಕಡಿಮೆಯಲ್ಲಿ ಆಗದೆಂಬುದಕ್ಕೆ ಸಾಧನೆ ಎಲ್ಲಿ? ನನ್ನ ಬಳಿ ಇರಲಿಲ್ಲ. ಮೂರು ವಾರ ಕೂತು ನೋಡಿದಾಗ ನನ್ನ ಸಂಖ್ಯೆ ಒಂದು ಹೆಚ್ಚೇ ಇದ್ದದ್ದು ಗೊತ್ತಾಯಿತು. ಆ ಮೂರು ವಾರದಲ್ಲಿ ಕಲಿತಷ್ಟು ಅದಕ್ಕೆ ಹಿಂದಿನ ಎರಡು ವರ್ಷಗಳಲ್ಲಿ ಕಲಿತಿರಲಿಲ್ಲ. ಇಷ್ಟು ಸಾಕೆಂದು ಹೇಳುವ ಮೇಲ್ಮಿತಿಗೆ ಒಂದು ಪಟ್ಟಿ ಸಾಕು, ಈಗಂತೂ ಕಂಪ್ಯೂಟರ್ ಅದನ್ನು ಕ್ಷಣದಲ್ಲಿ ಕಟ್ಟಿಕೊಡುತ್ತದೆ. ಇದಕ್ಕಿಂತ ಕಡಿಮೆಯಲ್ಲಿ ಆಗದೆಂದು ಹೇಳುವ ಕೆಳಮಿತಿಗೆ ಮಾತ್ರ ಗ್ರಾಫನ್ನು ಅರ್ಥ ಮಾಡಿಕೊಳ್ಳಬೇಕು. ಇನ್ನು ಮುಂದೆ ಒಂದು ಲೇಖನ ತೆರೆದಾಗ ಮೊದಲು ಕೆಳಮಿತಿಯ ಸಾಧನೆಯನ್ನು ಓದಿ. ಅದು ಇಲ್ಲದಿದ್ದರೆ ಅಥವಾ ಅರ್ಧ ಸಾಲಿನಲ್ಲಿ ಮುಗಿದಿದ್ದರೆ ಆ ಲೇಖನವನ್ನು ಬದಿಗಿಡಿ.

ನಿಮ್ಮ ಕೆಲಸ ಶುರುಮಾಡಲು ಒಂದು ಚಿಕ್ಕ ಸಮಸ್ಯೆ ಕೊಡುತ್ತೇನೆ. ಮೂರು ಶೃಂಗಗಳ ಚಕ್ರವನ್ನು ಒಂದು ಹಾದಿಯಿಂದ ಗುಣಿಸಿ. ತ್ರಿಕೋನಗಳು ಒಂದರ ಮೇಲೊಂದು ಅಟ್ಟಿಯಾಗಿ ನಿಲ್ಲುತ್ತವೆ, ಪ್ರತಿ ಶೃಂಗಕ್ಕೂ ನೇರ ಮೇಲಿನದು ಮತ್ತು ಕೆಳಗಿನದು ನೆರೆ. ಮೂರು ತ್ರಿಕೋನಗಳಿದ್ದರೆ ನಡುವಿನ ತ್ರಿಕೋನದ ಮೂರೂ ಶೃಂಗಗಳ ಡಿಗ್ರಿ 4. ವ್ಯಾಪ್ತಿ 5 ಎಂದಾದರೆ ಆ ಮೂರೂ 0 ಅಥವಾ 5 ಆಗಬೇಕು, ಆದರೆ ಮೂರೂ ಪರಸ್ಪರ ನೆರೆ, ಆಗದು. ಆದ್ದರಿಂದ ಕನಿಷ್ಠ 6 ಬೇಕು. 6 ಸಾಕು ಕೂಡ: ಕೆಳಗಿನಿಂದ ಮೇಲಕ್ಕೆ (0, 2, 6), (3, 5, 1), (6, 0, 4) ಎಂದು ಬರೆದು ಎಲ್ಲ ಜೋಡಿಗಳನ್ನೂ ಪರೀಕ್ಷಿಸಿ. ನಾಲ್ಕನೆಯ ತ್ರಿಕೋನ ಇಡಲು ಹೊರಟರೆ ಈ ಬರಹ ಮೇಲಕ್ಕೂ ಮುಂದುವರಿಯುವುದಿಲ್ಲ, ಕೆಳಕ್ಕೂ ಮುಂದುವರಿಯುವುದಿಲ್ಲ. ಬೇರೆ ಬರಹದಿಂದ ನಾಲ್ಕು ತ್ರಿಕೋನಗಳನ್ನು 6ರಲ್ಲಿ ಮುಗಿಸಬಹುದೇ? ಒಂದು ತ್ರಿಕೋನದಲ್ಲಿ ಬರಬಲ್ಲ ಮೂರರ ಗುಂಪುಗಳು 10 ಮಾತ್ರ, ಪಕ್ಕದ ತ್ರಿಕೋನಗಳ ಗುಂಪುಗಳಲ್ಲಿ ಒಂದೂ ಸಂಖ್ಯೆ ಸಮಾನವಾಗಿರುವಂತಿಲ್ಲ. ಕಂಪ್ಯೂಟರ್ ಮುಟ್ಟದೆ, ಕಾಗದದ ಮೇಲೆ ಮಾಡಿ. ನಿಮ್ಮ ಹಾಳೆಗಳನ್ನು ಕಳುಹಿಸಿದರೆ ನಾನು ಕೂತು ಓದುತ್ತೇನೆ.